ಎರಡನೆಯ ಹಾಡಿಗೆ ನಿಂತವರು

ಮೇ 8, 1973. ಮಂಗಳವಾರ

ಅಂಗಿಗೆ ಇಸ್ತ್ರಿ. ಮತ್ತೆ ಅಂಗಿಗೆ ಇಸ್ತ್ರಿ. ತಿಳಿನೀಲಿ ಬಟ್ಟೆ, ಎದೆಯ ಮೇಲೆ ಎಲೆಕೋಸಿನ ಹಾಗೆ ಪದರ ಪದರ ನೆರಿಗೆ. ದೊಡ್ಡ ದೊಡ್ಡ ಗಂಡಸರು ಇದನ್ನು ತೊಟ್ಟು ಶನಿವಾರ ಶನಿವಾರ ಪಾರ್ಕಿನ ವೇದಿಕೆಯಲ್ಲಿ ನಿಲ್ಲುತ್ತಾರೆ. ಜನ ನೋಡಿಯೂ ಕುಣಿಯುತ್ತಾರೆ. ಸ್ವೀಡನ್ ದೇಶದ ಸಹನೆ ದೊಡ್ಡದು.

ಈ ಮೂಲಕ ಪ್ರಕಟಿಸುವುದೇನೆಂದರೆ — ‘ಸಿಕ್ಸ್ಟೆನ್ಸ್’ ಮೇಳದ ಹಿಂದಿನ ಸಾಲಿನ ‘ಆ... ಆ...’ ಗಾಯಕಿ, ಹಗಲು ಹೊತ್ತು ಲೂಸ್‌ಬಿ ಊರಿನ ಅಂಗಡಿಯಲ್ಲಿ ಚೀಸ್ ಕೊಯ್ಯುವ ಹುದ್ದೆಯಲ್ಲಿರುವ ಕುಮಾರಿ ಮೈವೋರ್ ಹೆಡ್‌ಬ್ಯೋರ್ಕ್, ವಯಸ್ಸು ಇಪ್ಪತ್ತು, ಕಳೆದ ವಾರ ಸ್ಟಾಕ್‌ಹೋಮಿಗೆ ಹೋಗಿ ತನ್ನೊಬ್ಬಳದೇ ಹೆಸರಿನಲ್ಲಿ ಒಂದು ಹಾಡು ರೆಕಾರ್ಡ್ ಮಾಡಿ ಬಂದಿರುತ್ತಾಳೆ. ಹಾಡಿನ ಹೆಸರು ‘ದೋಣಿ ಇನ್ನೂ ಕಟ್ಟಬೇಡ’. ಪ್ರಜೆಗಳು ಶಾಂತಿ ಕಾಪಾಡತಕ್ಕದ್ದು.

ಪ್ರಜೆಗಳು ವಿಪರೀತ ಶಾಂತಿ ಕಾಪಾಡಿದರು. ಅಂಗಡಿಗೆ ಬಂದ ಒಬ್ಬರೂ ಒಂದು ಮಾತು ಕೇಳಲಿಲ್ಲ. ಎಲ್ಲರಿಗೂ ಗೊತ್ತಿದೆ. ಕೇಳಿದರೆ ಹುಡುಗಿಗೆ ಕೊಂಬು ಬಂದೀತು ಎಂಬ ಕರುಣೆ. ಅಮ್ಮ ಮಾತ್ರ ಕೇಳಿದಳು.

“ಹಾಡಿದ್ಯಾ?”

“ಹಾಡ್ದೆ.”

“ಗಂಟಲು ನೋವಾ?”

“ಇಲ್ಲ.”

“ಹಾಗಾದ್ರೆ ಆಲೂಗಡ್ಡೆ ಸುಲಿ.”

ರೆಕಾರ್ಡ್ ಕಂಪನಿಯವನ ಹೆಸರು ಪೊಂತುಸ್. ಮೂವತ್ತರ ಆಸುಪಾಸು. ಮಾತಾಡುವಾಗ ಕಣ್ಣು ಮುಚ್ಚುತ್ತಾನೆ, ಎಲ್ಲೋ ಪಿಟೀಲು ಕೇಳಿಸುತ್ತಿದೆ ಎಂಬಂತೆ. ಆದರೆ ಕಿವಿ ಮಾತ್ರ ಭಾರಿ ಚುರುಕು — ನಾನು ಬಾಯಲ್ಲಿ ಅಡಗಿಸಿಕೊಂಡಿದ್ದ ಪೆಪ್ಪರ್‌ಮಿಂಟನ್ನು ಗಾಜಿನ ಆಚೆಯಿಂದಲೇ ಹಿಡಿದುಬಿಟ್ಟ. “ಹಾಡು ಚೆನ್ನಾಗಿದೆ,” ಎಂದ. “ಆದ್ರೆ ಜನರ ಎದುರು ನೀನೊಬ್ಬಳೇ ನಿಂತ್ರೆ ಏನಾಗುತ್ತೆ, ನೋಡ್ಬೇಕು. ನೋಡಿ ಆಮೇಲೆ ಅಚ್ಚಿಗೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲ.” ಹತ್ತೊಂಬತ್ತನೇ ತಾರೀಕು ನಮ್ಮ ಪಾರ್ಕಿಗೆ ಬರುತ್ತಾನೆ.

ಸ್ಟುಡಿಯೋದ ಹೆಡ್‌ಫೋನಿನಲ್ಲಿ ನನ್ನ ದನಿಯೊಂದೇ ಕೇಳಿದಾಗ, ಹಿಂದೆ ತಿರುಗಿ ಯಾರು ಹಾಡುತ್ತಿರುವುದು ಎಂದು ನೋಡಬೇಕೆನಿಸಿತು. ಬೇಕು ನನಗೆ ಇದು. ತುಂಬಾ ಬೇಕು.

ಇಸ್ತ್ರಿಯ ಆವಿ ತಲೆಗೇರಿದೆ. ಸಾಕು.

ಮೇ 9, ಬುಧವಾರ

ಅಭ್ಯಾಸ. ಸಿಕ್ಸ್ಟೆನ್ ಚಿಕ್ಕಪ್ಪ — ಮೇಳದ ಒಡೆಯ, ಅಕಾರ್ಡಿಯನ್‌ವಾದಕ, ನಮ್ಮಪ್ಪನ ತಮ್ಮ, ಲೂಸ್‌ಬಿಯಲ್ಲಿ ಅತಿ ಕಡಿಮೆ ಮಾತಾಡುವ ಜೀವಿಗಳಲ್ಲಿ ಎರಡನೆಯವನು (ಮೊದಲನೆಯದು ಚರ್ಚಿನ ಗಂಟೆ, ಅದು ಕೆಟ್ಟಿದೆ) — ತಾನಾಗಿಯೇ ಬಾಯಿ ತೆರೆದ.

“ರೆಕಾರ್ಡಿನ ಇನ್ನೊಂದು ಪಕ್ಕದಲ್ಲಿ ಏನಿರುತ್ತೆ?”

“ಅದೇ ಹಾಡು. ನಾನಿಲ್ದೆ. ಬರೀ ವಾದ್ಯ. ಖರ್ಚು ಕಮ್ಮಿಯಂತೆ.”

“ಒಂದೇ ಹಾಡಾ?”

“ಒಂದೇ.”

“ಒಂದು ಕಾಲಿನ ಪ್ಯಾಂಟು,” ಎಂದ. ತುಸು ಹೊತ್ತು ಅಕಾರ್ಡಿಯನ್ನಿನ ಪಟ್ಟಿ ಸರಿಮಾಡಿಕೊಂಡ. ಆಮೇಲೆ, ಕೇಳಿದರೂ ಸರಿ ಬಿಟ್ಟರೂ ಸರಿ ಎಂಬಂತೆ ಒಂದು ವಾಲ್ಟ್ಸ್ ಕುಣಿತದ ಧಾಟಿ ನುಡಿಸಿದ. ಅವನದೇ. ಪದಗಳಿಲ್ಲ. ಎಷ್ಟೋ ವರ್ಷದಿಂದ ನುಡಿಸುತ್ತಾನೆ, ಯಾರೂ ಹೆಸರು ಕೇಳಿಲ್ಲ.

“ನಿನ್ನ ಸ್ಟಾಕ್‌ಹೋಮ್‌ನವನಿಗೆ ಬೇಕಾದ್ರೆ...” ಎಂದ.

ಗಂಭೀರವಾಗಿ ಎದ್ದು ನಿಂತು, “ಸಂಸ್ಥಾನದ ಪರವಾಗಿ ಈ ಅರ್ಜಿಯನ್ನು ಸ್ವೀಕರಿಸಲಾಗಿದೆ,” ಎಂದೆ. ಡ್ರಮ್ ಬಾರಿಸುವ ಲಾರ್ಷ್-ಓಲೋಫ್ ನಕ್ಕ. ಚಿಕ್ಕಪ್ಪನೂ ಮೂಗಿನಲ್ಲೇ ನಕ್ಕ.

ಸಂಜೆ ಪೊಂತುಸ್‌ಗೆ ಫೋನ್. ವಾಲ್ಟ್ಸ್ ವಿಷಯ ಎತ್ತಿದೆ. “ಅಕಾರ್ಡಿಯನ್ನಾ? ಅಜ್ಜಂದಿರ ಸಂಗೀತ, ಮೈವೋರ್. ಬೇಡ.”

ಚಿಕ್ಕಪ್ಪನಿಗೆ ಹೇಳಿಲ್ಲ. ಅವನೂ ಕೇಳಿಲ್ಲ.

ಮೇ 19, ಶನಿವಾರ, ಸಂಜೆ 5

ಪೊಂತುಸ್ ಬಂದ. ಚರ್ಮದ ಕೋಟು, ಕತ್ತಿಗೆ ಹಸಿರು ಸ್ಕಾರ್ಫು, ಕೈಯಲ್ಲಿ ಟೇಪ್ ರೆಕಾರ್ಡರು. ನೃತ್ಯದ ಕಟ್ಟೆಯ ಮೆಟ್ಟಿಲ ಬಳಿ ತಡೆದು ನಿಲ್ಲಿಸಿದೆ.

“ಒಂದು ವಿಷಯ. ಹೊಸಬರು ಮೊದಲ ಸಲ ಈ ಹಲಗೆ ಮೇಲೆ ಕಾಲಿಡೋ ಮುಂಚೆ ಅದಕ್ಕೆ ತಲೆ ಬಾಗ್ಬೇಕು. ಮೂರು ಸಲ. ಊರಿನ ಪದ್ಧತಿ, ಬಹಳ ಹಳೇದು.”

“ನಿಜವಾಗ್ಲೂ?”

“ಇಂಥ ವಿಷಯದಲ್ಲಿ ನಾನು ತಮಾಷೆ ಮಾಡ್ತೀನಾ?”

ಬಾಗಿದ. ಸ್ಕಾರ್ಫು ಹಲಗೆಗೆ ತಾಗುವಷ್ಟು. ಕಾಫಿ ಅಂಗಡಿಯ ಸಿಗ್ನೆ ಅತ್ತೆ ಬನ್ನಿನ ತಟ್ಟೆ ಹಿಡಿದವಳು ಹಾಗೇ ನಿಂತುಬಿಟ್ಟಳು. “ಯಾರಮ್ಮಾ ಅದು, ಏನೋ ಕಳ್ಕೊಂಡಿದಾನಾ?” ಲಾರ್ಷ್-ಓಲೋಫ್ ಡ್ರಮ್ಮಿನ ಹಿಂದೆ ಬಗ್ಗಿ ನಗು ತಡೆಯಲಾರದೆ ಅಳುತ್ತಿದ್ದ. ಅಂಥ ಪದ್ಧತಿ ಯಾವುದೂ ಇಲ್ಲ; ಕಟ್ಟೆ ಕಟ್ಟಿದ್ದೇ ನಮ್ಮ ಫುಟ್‌ಬಾಲ್ ಸಂಘದವರು, ಅಪ್ಪನ ಕಾಲದಲ್ಲಿ.

ಪೊಂತುಸ್ ಕೊನೆಗೆ ನಕ್ಕ, ಆದರೆ ಕಿವಿ ಕೆಂಪು. ಆಮೇಲೆ ಕಣ್ಣು ಮುಚ್ಚಿ ಅಪ್ಪಣೆ ಕೊಡಿಸಿದ: “ಒಂದೇ ಹಾಡು. ಮುಗಿದ ತಕ್ಷಣ ದೀಪ ಆರ್ಬೇಕು. ನೀನು ಹೊರಟುಹೋಗ್ಬೇಕು. ಮಾತಿಲ್ಲ, ನಗು ಇಲ್ಲ. ಜನರಿಗೆ ಇನ್ನೂ ಬೇಕು ಅನ್ನಿಸ್ಬೇಕು.”

ಮೇಳದ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಹಾರಾಣಿಯವರು ಹಾಡಿನ ಮೊದಲ ಸಾಲನ್ನೇ ಮತ್ತೆ ಮತ್ತೆ ಬಾಯಿಪಾಠ ಮಾಡುತ್ತಿದ್ದಾರೆ.

ಮೇ 20, ಭಾನುವಾರ

ಬರೆದು ಮುಗಿಸಿಬಿಡುತ್ತೇನೆ.

ಹಾಡಿದೆ. ಚೆನ್ನಾಗಿಯೇ ಹಾಡಿದೆ, ಅದು ಗೊತ್ತು. ಕಟ್ಟೆ ತುಂಬಿತ್ತು. ಎಲ್ಲರೂ ಕುಣಿದರು. ಎರಡನೆಯ ಚರಣದಲ್ಲಿ ಚಿಕ್ಕಪ್ಪ ತಲೆ ಎತ್ತಿ ನನ್ನ ಕಡೆ ನೋಡಿದ — ಅವನು ನುಡಿಸುವಾಗ ಕುಣಿಯುವವರ ಪಾದ ಬಿಟ್ಟು ಬೇರೇನೂ ನೋಡುವುದಿಲ್ಲ. ಕೊನೆಯ ಸ್ವರ. ದೀಪ ಆರಿತು. ಹೊರಟೆ. ಮಾತಿಲ್ಲ. ನಗು ಇಲ್ಲ.

ಚಪ್ಪಾಳೆಯೂ ಇಲ್ಲ.

ಪರದೆಯ ಸಂದಿಯಿಂದ ನೋಡಿದೆ. ಇಡೀ ಕಟ್ಟೆ ಜೋಡಿ ಜೋಡಿಯಾಗಿ ನಿಂತಿದೆ. ಕೈ ಕೈ ಹಿಡಿದು, ಬಾಯಿ ಮುಚ್ಚಿ, ವೇದಿಕೆಯ ಕತ್ತಲನ್ನೇ ನೋಡುತ್ತ. ದನದ ಹಿಂಡು ಬೇಲಿಯ ಆಚೆ ನೋಡುವ ಹಾಗೆ. ಎಷ್ಟು ಹೊತ್ತೋ. ಪೊಂತುಸ್ ಟೇಪ್ ರೆಕಾರ್ಡರಿನ ಮುಚ್ಚಳ ಹಾಕಿದ.

ಬಸ್ಸಿಗೆ ಓಡಿದೆ. ನೆರಿಗೆಯ ಅಂಗಿಗಳ ನಡುವೆ ಕೂತೆ. ಆಗ ಒಳಗೆ ಅಕಾರ್ಡಿಯನ್ ಶುರುವಾಯಿತು. ಚಿಕ್ಕಪ್ಪನ ವಾಲ್ಟ್ಸ್. ಕೂಡಲೇ ಹಲಗೆಗಳ ಮೇಲೆ ಪಾದಗಳ ಸದ್ದು, ಇಡೀ ಕಟ್ಟೆ ಮತ್ತೆ ಉಸಿರಾಡತೊಡಗಿದ ಹಾಗೆ. ನನಗೆ ಕಲ್ಲಿನ ಹಾಗೆ ನಿಂತವರು ಅವನಿಗೆ ಕುಣಿದರು. ಹೊಟ್ಟೆ ಉರಿಯಿತು. ಚಿಕ್ಕಪ್ಪನ ಮೇಲೆ!

ಪೊಂತುಸ್ ಕಿಟಕಿಗೆ ಬಂದು, “ನಾಳಿದ್ದು ಫೋನ್ ಮಾಡ್ತೀನಿ,” ಎಂದ. ತುಂಬಾ ಮೃದುವಾಗಿ. ಅಷ್ಟು ಮೃದುವಾಗಿ ಮಾತಾಡುವುದು ಪಶುವೈದ್ಯರು ಮಾತ್ರ.

ಮೇ 21, ಸೋಮವಾರ

ಬೆಳಗ್ಗೆ ಅಂಗಡಿಗೆ ಫೋನ್. “ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಮೈವೋರ್. ನಿನ್ನ ಸ್ವಂತ ಊರಲ್ಲೇ. ಅಚ್ಚು ಹಾಕ್ಸೋಕೆ ಆಗಲ್ಲ. ಸ್ಸಾರಿ.”

ಚೀಸ್ ಕೊಯ್ದೆ. ಬೇಕಾದ್ದಕ್ಕಿಂತ ದಪ್ಪ.

ಸಿಗ್ನೆ ಅತ್ತೆ ಬಂದಳು. “ಏನೇ ಹುಡುಗಿ, ಶನಿವಾರ ಎಲ್ಲಿಗೆ ಓಡಿಹೋದೆ? ಮರದ ಮಿಲ್ಲಿನ ಓವೆ ಇಡೀ ಚಳಿಗಾಲ ಧೈರ್ಯ ಒಟ್ಟುಮಾಡಿ ನನ್ನ ಕುಣಿಯೋಕೆ ಕರ್ದ. ಒಂದು ಹಾಡು ಆಯ್ತು. ಕೈ ಹಿಡ್ಕೊಂಡು ಕಂಬದ ಹಾಗೆ ನಿಂತ್ವಿ. ಬಿಡೋ ಹಾಗೂ ಇಲ್ಲ, ಕುಣಿಯೋ ಹಾಗೂ ಇಲ್ಲ. ಅವನ ಅಂಗೈ ಬೆವರಿ ಬೆವರಿ... ನಿನ್ನ ಎರಡನೇದು ಎಲ್ಲೇ?”

ಚಾಕು ಕೆಳಗಿಟ್ಟೆ.

ಎರಡನೇದು. ಪಾರ್ಕಿನಲ್ಲಿ ಹಾಡು ಯಾವತ್ತೂ ಜೋಡಿಯಾಗಿಯೇ ಬರುತ್ತದೆ. ಒಬ್ಬರ ಕೈ ಹಿಡಿದರೆ ಎರಡು ಹಾಡು ಕುಣಿಯಬೇಕು. ಮೊದಲನೆಯದು ಮುಗಿದ ಮೇಲೆ ಯಾರೂ ಕೈ ಬಿಡುವುದಿಲ್ಲ, ಆದ್ದರಿಂದ ಚಪ್ಪಾಳೆಯೂ ಇಲ್ಲ. ಸುಮ್ಮನೆ ನಿಂತು ಕಾಯುತ್ತಾರೆ. ಎರಡನೆಯದು ಮುಗಿದ ಮೇಲೆ ಥ್ಯಾಂಕ್ಸ್, ಚಪ್ಪಾಳೆ, ಅವರವರ ದಾರಿ. ಮಗುವಿಗೂ ಗೊತ್ತು. ಸ್ಕೂಲು ಬಿಟ್ಟಾಗಿನಿಂದ ಅದೇ ವೇದಿಕೆಯಲ್ಲಿ ‘ಆ... ಆ...’ ಎನ್ನುತ್ತಿರುವ ನನಗೆ ಮಾತ್ರ ಮರೆತುಹೋಯಿತು! ಒಂದು ವಾರ ಸ್ಟಾಕ್‌ಹೋಮಿನ ಗಾಳಿ ಕುಡಿದದ್ದಕ್ಕೆ.

ಅವರು ಬೇಸರದಿಂದ ನಿಂತಿರಲಿಲ್ಲ. ನನಗಾಗಿ ನಿಂತಿದ್ದರು. ಚಿಕ್ಕಪ್ಪ ವಾಲ್ಟ್ಸ್ ಹಿಡಿದದ್ದು ಅವರನ್ನು ಬಿಡಿಸಲಿಕ್ಕೆ.

ಫೋನಿಗೆ ಓಡಿದೆ. ಪೊಂತುಸ್‌ಗೆ ಎಲ್ಲ ಹೇಳಿದೆ. ಒಂದೇ ಉಸಿರಿನಲ್ಲಿ. ಅವನು ಪೂರ್ತಿ ಕೇಳಿದ.

“ಊರಿನ ಪದ್ಧತಿ,” ಎಂದ.

“ಹೌದು!”

“ಬಹಳ ಹಳೇದಾ?”

“ಪೊಂತುಸ್, ಇದು ನಿಜ—”

“ಈ ಸಲ ಎಷ್ಟು ಸಲ ಬಾಗ್ಬೇಕು, ಅದನ್ನೂ ಹೇಳ್ಬಿಡು.” ಇಟ್ಟುಬಿಟ್ಟ.

ನ್ಯಾಯಾಲಯದ ತೀರ್ಪು: ಆರೋಪಿಯ ಬಾಯಿಂದ ಬಂದ ಸತ್ಯವನ್ನು ಸಾಕ್ಷ್ಯವಾಗಿ ಪರಿಗಣಿಸಲಾಗದು.

ನಗು ಬರಲಿಲ್ಲ.

ಜೂನ್ 4, ಸೋಮವಾರ

ಚೀಸ್. ಇಸ್ತ್ರಿ. ‘ಆ... ಆ...’

ಶನಿವಾರ ಮೈಕ್ ನನ್ನ ಕೈಗೆ ಸಿಕ್ಕಿತ್ತು. ನನ್ನ ಮಾಮೂಲಿ ಕುಚೇಷ್ಟೆ: ‘ಹಸಿರು ಕಾರಿನ ದೀಪ ಉರೀತಾ ಇದೆ’ ಎಂದರೆ ಸಾಕು, ಅರ್ಧ ಊರಿನ ಗಂಡಸರು ಹೊರಗೆ ಓಡುತ್ತಾರೆ. ಅರ್ಧ ಊರಿಗೆ ಹಸಿರು ಕಾರು. ಹೇಳಲಿಲ್ಲ. ಲಾರ್ಷ್-ಓಲೋಫ್ ಹಣೆ ಮುಟ್ಟಿ ನೋಡಿದ. “ಜ್ವರ ಇದ್ಯೇನೇ?”

ಜೂನ್ 7, ಗುರುವಾರ

ಪೊಂತುಸ್ ಫೋನ್ ಮಾಡಿದ! ಅಂಗಡಿಯಲ್ಲಿ ಸಾಲು ನಿಂತಿತ್ತು, ನಿಂತಿರಲಿ ಎಂದು ಬಿಟ್ಟೆ.

“ಆ ದಿನದ ಟೇಪ್ ಕೇಳಿದೆ,” ಎಂದ. ಹಲೋ ಕೂಡ ಇಲ್ಲ. “ಮತ್ತೆ ಮತ್ತೆ ಕೇಳಿದೆ. ಚಪ್ಪಾಳೆ ಇಲ್ಲ, ಸರಿ. ಆದ್ರೆ ಹಾಡು ಮುಗಿದ ಮೇಲೆ ಹೆಜ್ಜೆ ಸದ್ದೂ ಇಲ್ಲ. ಮರದ ಹಲಗೆ, ಅಷ್ಟು ಜನ... ಹಾಡು ಹಿಡಿಸದಿದ್ರೆ ಕಟ್ಟೆ ಬಿಟ್ಟು ಹೋಗ್ಬೇಕು ತಾನೆ? ಒಂದು ಶೂ ಕದಲಿದ ಸದ್ದಿಲ್ಲ. ಯಾಕೆ?”

“ಹೇಳಿದ್ನಲ್ಲ.”

“ನೀನು ಹೇಳಿದ್ದಕ್ಕೇ ನಂಬಲಿಲ್ಲ.”

“ಹಾಗಾದ್ರೆ ನನ್ನ ಮಾತು ಬಿಡು. ಮಿಡ್‌ಸಮರ್ ಹಬ್ಬದ ದಿನ ಬಾ. ಟೇಪ್ ತರ್ಬೇಡ. ಯಾರ ಕೈಯಾದ್ರೂ ಹಿಡಿದು ಕುಣಿ. ಆಮೇಲೂ ಬೇಡ ಅನ್ನಿಸಿದ್ರೆ ಬೇಡ.”

ಆಚೆಯಿಂದ ಪೆನ್ಸಿಲ್ ಮೇಜಿಗೆ ಕುಟ್ಟುವ ಸದ್ದು. ಕಣ್ಣು ಮುಚ್ಚಿರಬೇಕು.

“ಎರಡನೇ ಹಾಡು ಇದ್ಯಾ ನಿನ್ನ ಹತ್ರ?”

“ಇದೆ,” ಎಂದೆ.

ಇಲ್ಲ. ಚಿಕ್ಕಪ್ಪನ ಹತ್ತಿರ ಇದೆ.

ಜೂನ್ 10, ಭಾನುವಾರ

ಚಿಕ್ಕಪ್ಪ ಕೆರೆಯ ದಡದಲ್ಲಿ ದೋಣಿ ಮಗುಚಿ ಹಾಕಿಕೊಂಡು ಟಾರು ಬಳಿಯುತ್ತಿದ್ದ. ಪಕ್ಕದಲ್ಲಿ ಕೂತೆ. ಸೊಳ್ಳೆ ಹೊಡೆದೆ. ಇನ್ನೊಂದು ಹೊಡೆದೆ.

“ನಿನ್ನ ವಾಲ್ಟ್ಸ್ ಬೇಕು,” ಎಂದೆ.

“ಯಾವ್ದು?”

“ನಿಂದು.”

“ಅಜ್ಜಂದಿರ ಸಂಗೀತ ಅಲ್ವಾ ಅದು?”

“ನಿಂಗ್ಯಾರು ಹೇಳಿದ್ದು?”

“ನಿನ್ನ ಸ್ಟಾಕ್‌ಹೋಮ್‌ನವನೇ. ಕಾಫಿ ಸಾಲಲ್ಲಿ. ಸಕ್ಕರೆ ಕೇಳಿದಷ್ಟು ಸಲೀಸಾಗಿ.”

“ನೀನೇನ್ಮಾಡ್ದೆ?”

“ಸಕ್ಕರೆ ಕೊಟ್ಟೆ.”

ಟಾರು ಬಳಿಯುತ್ತಲೇ ಇದ್ದ. ಮೂಗಿನ ತುದಿಯಲ್ಲೊಂದು ಕಪ್ಪು ಚುಕ್ಕೆ. ಯಾವುದಾದರೂ ರಾಜಾಜ್ಞೆ ಹೊರಡಿಸಬೇಕೆನಿಸಿತು, ಬಾಯಿಗೆ ಬರಲಿಲ್ಲ. “ಚಿಕ್ಕಪ್ಪ, ಅವತ್ತು ಜನ ಎರಡನೇ ಹಾಡಿಗೆ ಕಾಯ್ತಾ ನಿಂತಿದ್ರು. ನಾನು ಬಿಟ್ಟು ಓಡಿದೆ. ನೀನು ಇಲ್ದಿದ್ರೆ ಅವರು ಇನ್ನೂ ಅಲ್ಲೇ ನಿಂತಿರ್ತಿದ್ರು. ಅದೇ ನನ್ನ ಎರಡನೇ ಹಾಡು. ಬೇರೆ ಯಾವ್ದೂ ಹೊಂದಲ್ಲ. ಕೊಡ್ತೀಯಾ?”

“ಪದ ಯಾರು ಬರೀತಾರೆ?”

“ಬರ್ದಿದೀನಿ.”

ಕಾಗದ ಕೊಟ್ಟೆ. ಕೈ ಪ್ಯಾಂಟಿಗೆ ಒರೆಸಿಕೊಂಡು ಓದಿದ. ‘ದೋಣಿ ಇನ್ನೂ ಕಟ್ಟಬೇಡ’ ಎನ್ನುವುದು ದೋಣಿಯಲ್ಲಿರುವವಳು. ಇದು ದಡದಲ್ಲಿ ನಿಂತವನ ಮಾತು. ಹೋಗು, ಹಗ್ಗ ನನ್ನ ಕೈಯಲ್ಲೇ ಇರಲಿ, ಗಂಟು ಹಾಕುವುದಿಲ್ಲ — ಹೀಗೇನೋ.

“ದಡದಲ್ಲಿ ನಿಂತವನು ನಾನೇನಾ?”

“ಯಾರೋ ಒಬ್ಬ.”

“ಅವನಿಗೆ ಡೊಳ್ಳು ಹೊಟ್ಟೆ ಇದೆ ಅಂತ ಬರ್ದಿದೀಯ.”

“ಪ್ರಾಸಕ್ಕೆ.”

“ಹ್ಞೂಂ.” ಇನ್ನೊಮ್ಮೆ ಓದಿದ. ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ, ವಾಪಸ್ ಕೊಡಲಿಲ್ಲ. “ಹೊಟ್ಟೆ ತೆಗಿ. ಮಿಕ್ಕಿದ್ದು ಇರ್ಲಿ.”

ಆಮೇಲೆ ಬ್ರಷ್ ನನ್ನ ಕೈಗಿಟ್ಟು ಮನೆಯೊಳಕ್ಕೆ ಹೋದ. ಕಿಟಕಿಯಿಂದ ವಾಲ್ಟ್ಸ್ ಕೇಳಿಸಿತು, ನನ್ನ ಶ್ರುತಿಗೆ ಏರಿಸಿ. ಅರ್ಧ ದೋಣಿಗೆ ಟಾರು ನಾನೇ ಬಳಿದೆ. ಕೆಟ್ಟದಾಗಿ.

ಜೂನ್ 23, ಶನಿವಾರ

ಮಿಡ್‌ಸಮರ್ ಮುಗಿಯಿತು. ಮೈತುಂಬ ಸೊಳ್ಳೆ ಕಚ್ಚಿದ ಗಂಟು. ಹೊಸ ಆಲೂಗಡ್ಡೆ, ಸಬ್ಬಸಿಗೆ, ಉಪ್ಪಿನಲ್ಲಿಟ್ಟ ಮೀನು, ಸ್ಟ್ರಾಬೆರಿ ಕೇಕು — ನಿನ್ನೆ ನಾನು ಏನೂ ತಿನ್ನಲಿಲ್ಲ. ಇವತ್ತು ಎಲ್ಲ ಸೇರಿಸಿ ತಿನ್ನುತ್ತಿದ್ದೇನೆ, ಪುಟದ ಮೇಲಿನ ಕಲೆ ಕೆನೆಯದು.

ಪೊಂತುಸ್ ಬಂದ. ಚರ್ಮದ ಕೋಟಿಲ್ಲ. ಮೆಟ್ಟಿಲ ಬಳಿ ನನ್ನನ್ನು ನೋಡಿ ಬೆರಳು ಎತ್ತಿದ: “ಒಂದು ಮಾತೂ ಆಡ್ಬೇಡ.” ಆಡಲಿಲ್ಲ. ಸಿಗ್ನೆ ಅತ್ತೆಯೇ ಕಾಫಿ ಅಂಗಡಿಗೆ ಬಟ್ಟೆ ಮುಚ್ಚಿ, ಏಪ್ರನ್ ಬಿಚ್ಚಿ ಅವನ ತೋಳು ಹಿಡಿದಳು. “ಬಾರಪ್ಪ, ನೆಲಕ್ಕೆ ನಮಸ್ಕಾರ ಮಾಡೋನೇ. ಕಾಲು ತುಳಿದ್ರೆ ಬನ್ನು ಇಲ್ಲ.”

ಹಾಡಿದೆ. ಕೊನೆಯ ಸ್ವರ. ದೀಪ ಆರಲಿಲ್ಲ, ಆರಿಸಿದರೂ ಏನು, ಕತ್ತಲೇ ಆಗದ ರಾತ್ರಿ, ಆಕಾಶ ಹಾಲಿನ ಹಾಗೆ ಬೆಳ್ಳಗಿತ್ತು.

ಅದೇ ಮೌನ. ಅದೇ ನಿಂತ ಜೋಡಿಗಳು. ಓಡಿಬಿಡು ಎಂದು ಕಾಲು ಹೇಳಿತು. ಓಡಲಿಲ್ಲ. ಈ ಸಲ ಅವರ ಮುಖ ನೋಡಿದೆ. ಒಬ್ಬಳು ಗಂಡನ ಕಾಲರಿನಿಂದ ಹುಲ್ಲಿನ ಎಸಳು ತೆಗೆಯುತ್ತಿದ್ದಳು. ಓವೆ ಇನ್ಯಾರದೋ ಕೈ ಹಿಡಿದು, ಸಿಗ್ನೆ ಅತ್ತೆಯ ಕಡೆ ಕದ್ದು ನೋಡುತ್ತಿದ್ದ. ಕೈ ಬಿಡುವ ಮೊದಲು ಎಲ್ಲರಿಗೂ ಇನ್ನೂ ಒಂದು ಹಾಡಿನಷ್ಟು ಸಮಯವಿತ್ತು, ಅದು ಅವರ ಮುಖದ ಮೇಲೆಯೇ ಇತ್ತು. ಇಷ್ಟು ವರ್ಷ ಅದೇ ವೇದಿಕೆಯಲ್ಲಿ ನಿಂತು ಇದನ್ನು ನೋಡಿಯೇ ಇರಲಿಲ್ಲ.

ಪೊಂತುಸ್ ಕೈ ಬಿಡಿಸಿಕೊಳ್ಳಲು ಹೋದ. ಸಿಗ್ನೆ ಅತ್ತೆಯ ದನಿ ಇಡೀ ಕಟ್ಟೆಗೆ ಕೇಳಿಸಿತು: “ಎಲ್ಲಿಗೆ? ಇನ್ನೊಂದಿದೆ!”

ಅವನು ತಲೆ ಎತ್ತಿ ನನ್ನನ್ನು ನೋಡಿದ. ಕಣ್ಣು ತೆರೆದೇ.

ಚಿಕ್ಕಪ್ಪ ಶುರುಮಾಡಿದ. ನಾನು ಹಾಡಿದೆ. ದಡದಲ್ಲಿ ನಿಂತವನ ಹಾಡು, ಹೊಟ್ಟೆಯಿಲ್ಲದೆ. ಮುಗಿದಾಗ ಚಪ್ಪಾಳೆ — ಅದನ್ನು ವರ್ಣಿಸಿದರೆ ನನಗೆ ಕೊಂಬು ಬಂದೀತು, ಆದ್ದರಿಂದ ಇಷ್ಟೇ: ಅಮ್ಮನೂ ತಟ್ಟಿದಳು.

ಪೊಂತುಸ್ ಕುಂಟುತ್ತ ಬಂದ. “ಎರಡೂ ಬೇಕು. ಒಂದೊಂದು ಪಕ್ಕಕ್ಕೆ ಒಂದೊಂದು. ಆದ್ರೆ ಈ ಅಕಾರ್ಡಿಯನ್ನೇ ಇರ್ಬೇಕು.” ಚಿಕ್ಕಪ್ಪನ ಕಡೆ ತಿರುಗಿದ. “ಆ ದಿನ ಕಾಫಿ ಸಾಲಲ್ಲಿ ನಾನು ಏನೋ ಅಂದೆ.”

“ಸಕ್ಕರೆ ಕೇಳಿದೆ,” ಎಂದ ಚಿಕ್ಕಪ್ಪ. “ಸ್ಟಾಕ್‌ಹೋಮಿಗೆ ಬರ್ತೀನಿ. ಶನಿವಾರ ಮಾತ್ರ ಆಗಲ್ಲ. ಶನಿವಾರ ಕೆಲಸ ಇದೆ.”

ಜುಲೈ 5, ಗುರುವಾರ, ಸ್ಟುಡಿಯೋ, ಮಧ್ಯಾಹ್ನ

ಪರಿಸ್ಥಿತಿ ಗಂಭೀರ. (ಇದು ತಮಾಷೆಯ ಗಂಭೀರ ಅಲ್ಲ.)

ಅಚ್ಚು ಹಾಕುವ ಕಾರ್ಖಾನೆಗೆ ನಾಳೆಯಿಂದ ಬೇಸಿಗೆ ರಜೆ. ಇಡೀ ದೇಶಕ್ಕೇ ರಜೆ, ರಾಜ ಬಂದು ಬೇಡಿಕೊಂಡರೂ ಯಾರೂ ಯಂತ್ರ ಮುಟ್ಟುವುದಿಲ್ಲ. ಇವತ್ತು ಸಂಜೆಯೊಳಗೆ ಈ ವಾಲ್ಟ್ಸಿನ ಟೇಪು ತಲುಪದಿದ್ದರೆ, ಆಗಲೇ ಅಲ್ಲಿರುವ ನನ್ನ ಹಾಡು ಆ ಹಳೆಯ ಲೆಕ್ಕದಲ್ಲೇ ಅಚ್ಚಾಗುತ್ತದೆ — ಎರಡನೆಯ ಪಕ್ಕದಲ್ಲಿ ಬರೀ ವಾದ್ಯ. ಒಂದು ಕಾಲಿನ ಪ್ಯಾಂಟು.

ಚಿಕ್ಕಪ್ಪ ಮನೆಯಿಂದ ತಂದ ಫ್ಲಾಸ್ಕಿನ ಕಾಫಿ ಕುಡಿದ. ಕೂತ. ನುಡಿಸಿದ. ಸತ್ತ ವಾಲ್ಟ್ಸ್. ಮತ್ತೆ ನುಡಿಸಿದ. ಮಧ್ಯದಲ್ಲಿ ಓಡಿತು, ಕೊನೆಯಲ್ಲಿ ತೆವಳಿತು. ಮತ್ತೆ. ಅವನ ಕತ್ತಿನ ಹಿಂಭಾಗ ಒದ್ದೆ. ಗಾಜಿನ ಆಚೆ ಪೊಂತುಸ್ ಗಡಿಯಾರ ನೋಡಲಿಲ್ಲ, ನೋಡದಿರಲು ಪಡುತ್ತಿದ್ದ ಕಷ್ಟ ಕಾಣಿಸಿತು.

“ಬೇರೆ ಯಾರನ್ನಾದ್ರೂ ಕರ್ಸು,” ಎಂದ ಚಿಕ್ಕಪ್ಪ ನನಗೆ ಮಾತ್ರ ಕೇಳುವಂತೆ. “ಇಲ್ಲಿ... ಏನೂ ಇಲ್ಲ.”

“ಏನಿಲ್ಲ?”

ಅವನು ನೆಲ ತೋರಿಸಿದ. ಬೂದು ಬಣ್ಣದ ಜಮಖಾನೆ. ಖಾಲಿ.

ಪಾದಗಳಿಲ್ಲ! ನನ್ನ ಚಿಕ್ಕಪ್ಪ ಜೀವಮಾನವಿಡೀ ತಾಳ ಹಿಡಿದದ್ದು ಕುಣಿಯುವವರ ಪಾದ ನೋಡಿ. ಖಾಲಿ ನೆಲಕ್ಕೆ ಅವನು ಹೇಗೆ ನುಡಿಸಬೇಕು?

ಗಾಜಿನ ಬಾಗಿಲು ತೆರೆದು ಹೇಳಿದೆ: “ಪೊಂತುಸ್, ಶೂ ಬಿಚ್ಚಿ ಒಳಗೆ ಬಾ. ಕುಣೀಬೇಕು.”

ಎಲ್ಲರೂ ನನ್ನ ಮುಖ ನೋಡಿದರು. ನನ್ನ ಮುಖ! ಕುಚೇಷ್ಟೆಗೆಂದೇ ಊರಿಗೆಲ್ಲ ಗೊತ್ತಿರುವ ಈ ಮುಖ. ಅದನ್ನು ಹೇಗೆ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ, ಇದ್ದ ಹಾಗೇ ಇಟ್ಟೆ.

ಪೊಂತುಸ್ ಒಂದು ಮಾತೂ ಕೇಳಲಿಲ್ಲ. ಲೇಸು ಬಿಚ್ಚಿದ. ಒಂದು ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ. ಹೊರಗಿನ ಮೇಜಿನಲ್ಲಿ ಟೈಪ್ ಮಾಡುತ್ತಿದ್ದ ಇಂಗ್ರಿಡಾಳನ್ನು ಕರೆತಂದ, ಅವಳು ಸ್ಯಾಂಡಲ್ ಕಳಚಿ, “ಇದಕ್ಕೆ ಸಂಬಳ ಬೇರೆ ಕೊಡ್ತೀರಾ?” ಎಂದಳು. ಈಗ ಇಬ್ಬರೂ ಜಮಖಾನೆಯ ಮಧ್ಯೆ ಕೈ ಹಿಡಿದು ನಿಂತಿದ್ದಾರೆ. ತಂತ್ರಜ್ಞ ಹೊಸ ಟೇಪು ಹಾಕುತ್ತಿದ್ದಾನೆ, ಅಷ್ಟರಲ್ಲಿ ಇದನ್ನು ಬರೆದುಕೊಂಡೆ. ಚಿಕ್ಕಪ್ಪ ಬಗ್ಗಿ ಅವರ ಪಾದ ನೋಡಿದ, ಹೆಬ್ಬೆರಳನ್ನೂ. ಪಟ್ಟಿ ಭುಜಕ್ಕೇರಿಸಿದ. ತಲೆಯಾಡಿಸಿದ. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು, ನಾನಿನ್ನೂ ಪೆನ್ನು—